ಎಸ್ಸೆಸ್ಸೆಲ್ಸಿ ಅಂಕ ನೋಡಿ ಪಾಠ ಶುರು ಮಾಡುವುದನ್ನು ನಾನು ಬಿಟ್ಟಿದ್ದೇಕೆ

ನಾನು ಒಂದು ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ಜೂನ್‌ನಲ್ಲಿ ಪ್ರಥಮ ಪಿಯುಗೆ ಹೊಸ ಮಕ್ಕಳು ಬರುತ್ತಾರೆ. ಅಂಕಪಟ್ಟಿ ತೆಗೆದು ನೋಡಿದರೆ ವಿಜ್ಞಾನದಲ್ಲಿ 85, 90, 94. ಮೊದಲ ವಾರವೇ ಒಂದು ಸಣ್ಣ ಟೆಸ್ಟ್ ಕೊಡುತ್ತೇನೆ. ಅದರಲ್ಲಿ ಪಿಯು ಪಾಠ ಒಂದೂ ಇರುವುದಿಲ್ಲ, ಎಲ್ಲಾ ಹತ್ತನೇ ಕ್ಲಾಸು ಮತ್ತು ಅದಕ್ಕಿಂತ ಕೆಳಗಿನದು. 6 ಓಮ್ ಮತ್ತು 3 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು ಅನ್ನೋದು ಅದರಲ್ಲಿ ಒಂದು. ಸೂತ್ರ ಬಹುತೇಕ ಎಲ್ಲರಿಗೂ ಬಾಯಿಪಾಠ. 1/6 ಮತ್ತು 1/3 ಕೂಡಿಸುವ ಕಡೆ ಬಂದು ನಿಂತುಬಿಡುತ್ತಾರೆ. ಎಷ್ಟೋ ಮಕ್ಕಳು 2/9 ಅಂತ ಬರೆಯುತ್ತಾರೆ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ. 2 ಓಮ್ ಅಂತ ಉತ್ತರ ತರುವವರು ಕ್ಲಾಸಿನ ಅರ್ಧವೂ ಇರುವುದಿಲ್ಲ.

ಮಕ್ಕಳನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಅವರಿಗೆ ಏನು ಹೇಳಿದ್ದರೋ ಅದನ್ನು ಅವರು ಶ್ರದ್ಧೆಯಿಂದ ಮಾಡಿದ್ದಾರೆ. ಡಿಸೆಂಬರ್ ದಾಟಿದರೆ ಸಾಕು, ಹೈಸ್ಕೂಲುಗಳಲ್ಲಿ ಪಾಠ ನಿಂತು ಪ್ಯಾಸಿಂಗ್ ಪ್ಯಾಕೇಜ್ ಶುರುವಾಗುತ್ತದೆ. ಯಾವ ಪಾಠದಿಂದ ಎಷ್ಟು ಅಂಕ ಬರುತ್ತದೆ ಅಂತ ಬ್ಲೂಪ್ರಿಂಟ್ ನೋಡಿ, ಖಂಡಿತ ಬರುವ ಚಿತ್ರಗಳು, ವ್ಯಾಖ್ಯೆಗಳು, ವ್ಯತ್ಯಾಸಗಳು, ಇಷ್ಟನ್ನು ಒಂದು ಪುಸ್ತಕ ಮಾಡಿ ಮತ್ತೆ ಮತ್ತೆ ಬರೆಸುತ್ತಾರೆ. ಕಣ್ಣಿನ ಚಿತ್ರ, ವಿದ್ಯುತ್ ಮೋಟಾರಿನ ಚಿತ್ರ ಭಾಗ ಗುರುತಿಸಿ ಬರೆದರೆ ಅಂಕ ಬಂದೇ ಬರುತ್ತದೆ. ಮೋಟಾರು ಯಾಕೆ ತಿರುಗುತ್ತದೆ ಅಂತ ಕೇಳಿದರೆ ಮಗು ನನ್ನ ಮುಖ ನೋಡುತ್ತದೆ. ಹಾಗಂತ ಮೇಷ್ಟ್ರುಗಳನ್ನೂ ದೂರೋಕಾಗಲ್ಲ. ಶಾಲೆಯ ಫಲಿತಾಂಶ ಕಡಿಮೆ ಬಂದರೆ ಕಾರಣ ಕೇಳಿ ನೋಟಿಸ್ ಬರುವುದು ಅವರಿಗೆ, ಜಿಲ್ಲೆಗಳ ಸ್ಥಾನ ಪೇಪರಿನಲ್ಲಿ ಬಂದ ಮೇಲೆ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕಾದವರೂ ಅವರೇ. ಆಂತರಿಕ ಮೌಲ್ಯಮಾಪನದ 20 ಅಂಕದಲ್ಲಿ 14 ಕೊಟ್ಟರೆ ಪಕ್ಕದ ಶಾಲೆಯವರು 20 ಕೊಟ್ಟಿರುತ್ತಾರೆ, ನಮ್ಮ ಮಗುವಿಗೇ ಅನ್ಯಾಯ ಆಗುತ್ತದೆ ಅನ್ನೋ ಲೆಕ್ಕ ಬರುತ್ತದೆ. ಹೀಗಾಗಿ ಎಲ್ಲರಿಗೂ 19, 20. ಎಲ್ಲರಿಗೂ ಒಂದೇ ಅಂಕ ಅಂದಮೇಲೆ ಅದರಿಂದ ನನಗೆ ಏನು ತಿಳಿಯಬೇಕು?

ಕಳೆದ ಕೆಲವು ವರ್ಷಗಳ ರಾಜ್ಯದ ಫಲಿತಾಂಶವನ್ನೇ ನೋಡಿ. 2020ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 71.80. 2021ರಲ್ಲಿ ಕೊರೊನಾ ಕಾರಣಕ್ಕೆ ಎರಡೇ ದಿನದಲ್ಲಿ ಓಎಂಆರ್ ಹಾಳೆಯಲ್ಲಿ ಪರೀಕ್ಷೆ ಮುಗಿಸಿ, ಹೆಚ್ಚುಕಡಿಮೆ ಎಲ್ಲರೂ ಪಾಸ್, 625ಕ್ಕೆ 625 ತೆಗೆದವರೇ 157 ಮಂದಿ. 2022ರಲ್ಲಿ ಶೇ 85.63. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ಆಗ ನಿಜ ಸಂಗತಿ ಹೊರಗೆ ಬಿತ್ತು. ಎಷ್ಟು ಇಳಿಯಿತು ಅಂದರೆ ಕೃಪಾಂಕವನ್ನು, ಅಂದರೆ ಪಾಸಾಗಲೆಂದು ಸೇರಿಸಿ ಕೊಡುವ ಗ್ರೇಸ್ ಮಾರ್ಕ್ಸನ್ನು, ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲೂ ಬಂದ ಫಲಿತಾಂಶ ಶೇ 73.40. ಲಕ್ಷಕ್ಕೂ ಹೆಚ್ಚು ಮಕ್ಕಳು ಆ ವರ್ಷ ಕೃಪಾಂಕದಿಂದ ಪಾಸಾದರು. ಟೀಕೆ ಜಾಸ್ತಿಯಾಗಿ ಮರುವರ್ಷ ಕೃಪಾಂಕ ನಿಂತಿತು, 2025ರ ಪರೀಕ್ಷೆ-1ರ ಫಲಿತಾಂಶ 70ಕ್ಕಿಂತ ಕೆಳಗೆ ಬಂತು. ಅದೇ ವರ್ಷ ಪಾಸಾಗುವ ಅಂಕವನ್ನೇ 35ರಿಂದ 33ಕ್ಕೆ ಇಳಿಸುವ ತೀರ್ಮಾನ ಆಯಿತು. ಈಗ ಹೇಳಿ, ಇಷ್ಟು ವರ್ಷಗಳಲ್ಲಿ ಏರಿದ್ದೂ ಇಳಿದದ್ದೂ ಮಕ್ಕಳ ಕಲಿಕೆಯಾ, ನಾವು ಅಳೆಯುವ ರೀತಿಯಾ?

ಪಿಯುನಲ್ಲೂ ಅಷ್ಟೇ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ನಡೆಯಲೇ ಇಲ್ಲ, ಹಿಂದಿನ ಅಂಕಗಳ ಮೇಲೆ ಲೆಕ್ಕ ಹಾಕಿ ಎಲ್ಲರನ್ನೂ ಪಾಸ್ ಮಾಡಿದರು. 600ಕ್ಕೆ 600 ಬಂದವರು 2,239 ಮಂದಿ. ಮರುವರ್ಷ ಪರೀಕ್ಷೆ ನಡೆದಾಗ ವಿಜ್ಞಾನ ವಿಭಾಗದಲ್ಲಿ ರಾಜ್ಯಕ್ಕೆ ಮೊದಲು ಬಂದವರ ಅಂಕ 598. ಇದರ ಬಿಸಿ 2022ರ ಸಿಇಟಿಗೆ ತಟ್ಟಿತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತದೆ ಅಲ್ವಾ, ಹಿಂದಿನ ವರ್ಷ ಪಾಸಾಗಿ ಮತ್ತೆ ಸಿಇಟಿ ಬರೆದವರ ಪಿಯು ಅಂಕವನ್ನು ಪರಿಗಣಿಸಲಿಲ್ಲ. ಮಕ್ಕಳು ಹೈಕೋರ್ಟಿಗೆ ಹೋದರು. ಕೊನೆಗೆ ಅವರ ಅಂಕದಲ್ಲಿ ನೂರಕ್ಕೆ ಸರಾಸರಿ 6ರಷ್ಟು ಕಡಿತ ಮಾಡಿ ಸೇರಿಸಿಕೊಳ್ಳುವುದು ಅಂತ ಇತ್ಯರ್ಥವಾಯಿತು. ಆ ಮಕ್ಕಳದ್ದು ಯಾವ ತಪ್ಪೂ ಇರಲಿಲ್ಲ. ನಾವೇ ಕೈಯಾರೆ ಕೊಟ್ಟ ಅಂಕವನ್ನು ನಾವೇ ನಂಬದೆ ಹೋದೆವು, ನನಗೆ ತುಂಬಾ ನೋವಾದದ್ದು ಅದು.

ದೇಶದಲ್ಲೂ ಇದೇ ಕಥೆ. 2017ರಲ್ಲಿ ಸಿಬಿಎಸ್‌ಇ ಅಂಕ ಏರಿಸುವ ಮಾಡರೇಶನ್ ಪದ್ಧತಿಯನ್ನು ನಿಲ್ಲಿಸಲು ಹೊರಟಾಗ, ಆ ವರ್ಷಕ್ಕೆ ಮುಂದುವರಿಸಿ ಅಂತ ದೆಹಲಿ ಹೈಕೋರ್ಟು ಹೇಳಿತು. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕೋರ್ಸುಗಳ ಕಟ್‌ಆಫ್ ಶೇ 100 ಮುಟ್ಟಿತು. ಮರುವರ್ಷವೇ ಸಿಯುಇಟಿ ಅಂತ ಪ್ರತ್ಯೇಕ ಪ್ರವೇಶ ಪರೀಕ್ಷೆ ಬಂತು.

ನಾನು ಹೇಳಬೇಕಾದದ್ದು ಇಲ್ಲೇ ಇದೆ. ಅಂಕ ಧಾರಾಳವಾಗಿ ಕೊಟ್ಟರೆ ಬಡ ಮಕ್ಕಳಿಗೆ ಒಳ್ಳೆಯದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಕ್ಲಾಸಿನಲ್ಲಿ ನಾನು ಕಂಡದ್ದು ಬೇರೆ. ಅಂಕಪಟ್ಟಿಗೆ ಬೆಲೆ ಇಳಿದಷ್ಟೂ ಪ್ರವೇಶ ಪರೀಕ್ಷೆಗೆ ಬೆಲೆ ಏರುತ್ತದೆ, ಅದಕ್ಕೆ ಕೋಚಿಂಗ್ ಬೇಕು, ಕೋಚಿಂಗಿಗೆ ಲಕ್ಷಗಟ್ಟಲೆ ಫೀಸು ಬೇಕು. ಓದಿದ ಮನೆಯ ಅಪ್ಪ ಅಮ್ಮನಿಗೆ ತಮ್ಮ ಮಗುವಿನ 92ರಲ್ಲಿ ಎಷ್ಟು ನಿಜ, ಎಷ್ಟು ಗಾಳಿ ಅಂತ ಗೊತ್ತಾಗುತ್ತದೆ, ಅವರು ಒಂಬತ್ತನೇ ಕ್ಲಾಸಿನಿಂದಲೇ ಟ್ಯೂಷನ್ ಹಾಕಿರುತ್ತಾರೆ. ಹೊಲದಲ್ಲಿ ದುಡಿಯುವ ಅಪ್ಪನಿಗೆ ಆ ಅಂಕಪಟ್ಟಿ ಬಿಟ್ಟರೆ ಬೇರೆ ದಾರಿ ಇಲ್ಲ. ಅದರಲ್ಲಿ 92 ಅಂತ ಇದೆ, ಮಗಳನ್ನು ಸೈನ್ಸಿಗೆ ಸೇರಿಸುತ್ತಾರೆ.

ಅಂಥ ಒಬ್ಬ ಹುಡುಗಿ ಇದ್ದಳು. ಹೈಸ್ಕೂಲಿಗೆ ಎರಡನೆಯವಳು, ಊರಲ್ಲಿ ಅವಳ ಫೋಟೋ ಫ್ಲೆಕ್ಸ್ ಹಾಕಿದ್ದರು. ಮೊದಲ ಕಿರುಪರೀಕ್ಷೆಯಲ್ಲಿ ಒಂದಂಕಿ ಬಂತು, ಮಧ್ಯವಾರ್ಷಿಕದಲ್ಲೂ ಹಾಗೇ. ತನಗೇನೋ ಆಗಿಬಿಟ್ಟಿದೆ, ಬುದ್ಧಿ ಮಂಕಾಗಿದೆ ಅಂತ ಅವಳು ನಂಬಿಕೊಂಡಿದ್ದಳು. ಸ್ಟಾಫ್ ರೂಮಿಗೆ ಬಂದು ಕೇಳಿದಳು, "ಮೇಡಂ, ನನಗೆ ಏನೂ ಬರ್ತಿರ್ಲಿಲ್ಲ ಅಂದ್ರೆ ಅಷ್ಟೊಂದು ಮಾರ್ಕ್ಸ್ ಯಾಕೆ ಕೊಟ್ರು?" ನನಗೆ ಉತ್ತರ ಹೊಳೆಯಲಿಲ್ಲ. ಆರನೇ ಕ್ಲಾಸಿನಲ್ಲೇ ಯಾರಾದರೂ ಭಿನ್ನರಾಶಿ ಗೊತ್ತಿಲ್ಲ ಅಂತ ಅವಳಿಗೆ ಹೇಳಿದ್ದರೆ ಒಂದೆರಡು ವಾರದಲ್ಲಿ ಕಲಿಯುತ್ತಿದ್ದಳು, ಅಷ್ಟು ಚುರುಕಿನ ಹುಡುಗಿ.

ಈಗ ನಾನು ಕೆಲಸ ಮಾಡುವ ರೀತಿ ಬದಲಾಗಿದೆ. ಮೊದಲ ವಾರದ ಟೆಸ್ಟಿಗೆ ಅಂಕ ಹಾಕುವುದಿಲ್ಲ. ಯಾರಿಗೆ ಏನು ಬರುವುದಿಲ್ಲ ಅಂತ ಒಂದು ಪಟ್ಟಿ ಮಾಡುತ್ತೇನೆ: ಭಿನ್ನರಾಶಿ, ದಶಾಂಶ, ಹತ್ತರ ಘಾತ, v = u + at ಕೊಟ್ಟರೆ t ಕಂಡುಹಿಡಿಯುವುದು, ಗ್ರಾಫ್ ಓದುವುದು. ಗಣಿತದ ಮೇಷ್ಟ್ರು ಮತ್ತು ನಾನು ಜೂನ್, ಜುಲೈ ಎರಡು ತಿಂಗಳು ಬೆಳಿಗ್ಗೆ ಕ್ಲಾಸಿಗೆ ಮುಂಚೆ ಇದನ್ನೇ ಹೇಳಿಕೊಡುತ್ತೇವೆ. ಪಠ್ಯ ಹಿಂದೆ ಬೀಳುತ್ತದೆ, ಅದರ ಬಗ್ಗೆ ಮಾತು ಕೇಳಬೇಕಾಗುತ್ತದೆ, ಕೇಳುತ್ತೇವೆ. ಎಲ್ಲರೂ ಹತ್ತಿ ಬರುತ್ತಾರೆ ಅಂತ ಹೇಳಲಾರೆ. ಆದರೆ ಅಕ್ಟೋಬರ್ ಹೊತ್ತಿಗೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬರೋಕೆ ಶುರುವಾಗುತ್ತದೆ. ಇನ್ನೊಂದು ವಿಷಯ, ಟೆಸ್ಟ್ ಪೇಪರುಗಳನ್ನು ಹೆಸರು ಮುಚ್ಚಿ ಸುತ್ತಲಿನ ಹೈಸ್ಕೂಲಿನ ಮೇಷ್ಟ್ರುಗಳಿಗೆ ತೋರಿಸುತ್ತೇವೆ. ತಪ್ಪು ಹುಡುಕೋಕೆ ಬಂದಿದ್ದಾರೆ ಅಂತ ಮೊದಮೊದಲು ಬೇಜಾರು ಮಾಡಿಕೊಂಡರು. ಈಗ ಅವರಲ್ಲಿ ಕೆಲವರು ಎಂಟನೇ ಕ್ಲಾಸಿಗೇ ಅದೇ ಪ್ರಶ್ನೆ ಕೊಟ್ಟು ನೋಡುತ್ತಿದ್ದಾರೆ.

ಫೇಲಾದ ಮಗುವಿಗೆ, ಅದರಲ್ಲೂ ಹಳ್ಳಿಯ ಹುಡುಗಿಗೆ, ಆಮೇಲೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಓದು ಬಿಡಿಸಿ ಮದುವೆ ಮಾಡಿಬಿಡುತ್ತಾರೆ. ಆ ಭಯದಿಂದಲೇ ಎಷ್ಟೋ ಮೇಷ್ಟ್ರುಗಳು ಅಂಕ ಎಳೆದು ಹಾಕುತ್ತಾರೆ, ಅವರ ಮನಸ್ಸು ಒಳ್ಳೆಯದೇ. ಅದಕ್ಕೇ 2024ರಲ್ಲಿ ಬಂದ, ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಪದ್ಧತಿ ನನಗೆ ಸರಿ ಅನ್ನಿಸಿದೆ. ಪರೀಕ್ಷೆ-1 ಕೈಕೊಟ್ಟರೂ ಪರೀಕ್ಷೆ-2 ಬರೆದು ಅದೇ ವರ್ಷ ಕಾಲೇಜಿಗೆ ಬರಬಹುದು. ಅವಕಾಶ ಇನ್ನೂ ಜಾಸ್ತಿ ಕೊಡಲಿ, ನಡುವಿನ ವಾರಗಳಲ್ಲಿ ಸರಿಯಾಗಿ ಪಾಠ ಮಾಡಲಿ. ಸುಮ್ನೆ 35 ಇದ್ದದ್ದನ್ನು 33 ಮಾಡಿದರೆ ಭಿನ್ನರಾಶಿ ಬರುವುದಿಲ್ಲ.

ಹತ್ತನೇ ಕ್ಲಾಸಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ ಇದೆ. 20ಕ್ಕೆ 20 ಕೊಡಲೇಬೇಕಾದ ಒತ್ತಡ ನಿಮಗಿದ್ದರೆ ಅದನ್ನು ನೀವೊಬ್ಬರೇ ನಿಲ್ಲಿಸೋಕಾಗಲ್ಲ, ಒಪ್ಪುತ್ತೇನೆ. ಆದರೆ ಟಿಸಿ ಕೊಡುವಾಗ ಪಕ್ಕದಲ್ಲಿ ಒಂದು ಚೀಟಿ ಕೊಡಿ. ಈ ಮಗುವಿಗೆ ಏನು ಚೆನ್ನಾಗಿ ಬರುತ್ತದೆ, ಏನು ಇನ್ನೂ ಬರುವುದಿಲ್ಲ ಅಂತ ನಾಲ್ಕು ಸಾಲು, ನಿಮ್ಮದೇ ಮಾತಿನಲ್ಲಿ. ಅದನ್ನು ಅಪ್ಪ ಅಮ್ಮನಿಗೂ ಓದಿ ಹೇಳಿ. ಅಂಥ ಚೀಟಿ ಹಿಡಿದು ಬರುವ ಮಗುವಿಗೆ ನಾವು ಯಾವ ಟೆಸ್ಟೂ ಕೊಡದೆ ಮೊದಲ ದಿನದಿಂದಲೇ ಬೇಕಾದದ್ದನ್ನು ಹೇಳಿಕೊಡಬಹುದು.