ಸೂರ್ಯನಿಗೆ ಮಸೂರವೋ, ಕನ್ನಡಿಯೋ?

ದೂರದರ್ಶಕ ದೊಡ್ಡದಾದರೆ ಕನ್ನಡಿಯೇ ಗತಿ ಅಂತ ಓದಿಕೊಂಡು ಬಂದವರು ನಾವು. ಆದರೆ ಲಾ ಪಾಲ್ಮಾ ದ್ವೀಪದಲ್ಲಿರುವ ಸ್ವೀಡನ್‌ನವರ ಸೌರ ದೂರದರ್ಶಕದಲ್ಲಿ 2002ರಿಂದ ದುಡಿಯುತ್ತಿರುವುದು ಸುಮಾರು 1 ಮೀಟರ್ ಅಗಲದ ಮಸೂರ! ಇವತ್ತೆಲ್ಲ ತಲೆಯಲ್ಲಿ ಅದೇ.

ಸೂರ್ಯನನ್ನು ನೋಡುವಾಗ ಕಾಟ ಕೊಡುವುದು ಬಿಸಿ. ಕೊಳವೆಯೊಳಗಿನ ಗಾಳಿ ಕಾದರೆ, ಮಧ್ಯಾಹ್ನದ ಟಾರು ರಸ್ತೆಯ ಮೇಲಿನಂತೆ ಚಿತ್ರ ಕದಡುತ್ತದೆ. ಅದಕ್ಕೇ ಗಾಳಿಯನ್ನೇ ಹೊರಗೆಳೆದು ನಿರ್ವಾತ ಮಾಡುತ್ತಾರೆ. ಆಗ ಬಾಯಿಗೆ ಗಾಜಿನ ಮುಚ್ಚಳ ಬೇಕಲ್ಲ, ಇಲ್ಲಿ ಆ ಮಸೂರವೇ ಮುಚ್ಚಳ. ಎಂಥ ಜಾಣತನ! ಒಂಟಿ ಮಸೂರ ಒಂದೊಂದು ಬಣ್ಣವನ್ನು ಒಂದೊಂದು ದೂರದಲ್ಲಿ ಕೂಡಿಸುತ್ತದೆ. ಅದನ್ನು ಸರಿಪಡಿಸಲು ಕೆಳಗೆ ಇನ್ನೊಂದು ಪುಟ್ಟ ಮಸೂರ, ಕನ್ನಡಿಯ ಜೋಡಿ ಇದೆ.

ಆದರೆ ಒಳಗೆ ಗಾಳಿಯಿಲ್ಲದ್ದರಿಂದ, ಅಂಚಿನಲ್ಲಷ್ಟೇ ಹಿಡಿದಿರುವ ಆ ದೊಡ್ಡ ಮಸೂರದ ಮೇಲೆ ವಾತಾವರಣದ ಭಾರ ಏಳೆಂಟು ಟನ್. ಅಗಲ 4 ಮೀಟರ್ ಆದರೆ ಅದು ಹದಿನಾರು ಪಟ್ಟು. ಯಾವ ಗಾಜು ತಡೆದೀತು? ಹಾಗಾಗಿ ಹವಾಯಿಯ ಡೇನಿಯಲ್ ಇನೋಯೆ ದೂರದರ್ಶಕಕ್ಕೆ ಕನ್ನಡಿಯೇ ಬೇಕಾಯಿತು. 4 ಮೀಟರ್ ಅಗಲ, ದಪ್ಪ ಬರೀ 75 ಮಿಲಿಮೀಟರ್, ಹಿಂಬದಿಯಿಡೀ ಆಸರೆ. ನಿರ್ವಾತ ಇಲ್ಲವಲ್ಲ, ಅದಕ್ಕೆ ರಾತ್ರಿ ಐಸ್ ಮಾಡಿಟ್ಟುಕೊಂಡು ಹಗಲು ತಂಪು ಮಾಡುತ್ತಾರೆ.

ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಮೆರಾಕ್‌ನಲ್ಲಿ ಯೋಜಿಸಿರುವ 2 ಮೀಟರ್ ಸೌರ ದೂರದರ್ಶಕವೂ ಕನ್ನಡಿಯದ್ದೇ. ಪ್ಯಾಂಗಾಂಗ್ ಸರೋವರದ ದಡದಲ್ಲಿ ಅದು ಬೇಗ ಎದ್ದು ನಿಲ್ಲಲಿ ಅಂತ ನನಗಂತೂ ತುಂಬಾ ಆಸೆ.