ಮೀನುಗಳಿಗೆ ಊಟ ಹಾಕುತ್ತಿದ್ದೇನೆ

ಜೂನ್ 22, 2025, ಭಾನುವಾರ
ಹೊನ್ನಾವರ

ಬೆಳಗಿನಿಂದ ಒಂದೇ ಸಮನೆ ಮಳೆ. ಹನ್ನೊಂದು ಗಂಟೆಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಆಯಿ, ಅಂದರೆ ನನ್ನ ಅಮ್ಮ, ಜಗಲಿಯಲ್ಲಿ ಕುಳಿತು ಹೆಂಚಿನ ಮೇಲಿನ ಸದ್ದಿನಲ್ಲೇ ಮಳೆಯ ಏರಿಳಿತವನ್ನು ಅಳೆಯುತ್ತಿದ್ದಳು. ‘ಆಯಿ, ಕಷಾಯ ತಂದಿದ್ದೇನೆ. ಲೋಟ ಬಿಸಿ ಇದೆ. ನಿನ್ನ ಬಲಗೈ ಪಕ್ಕದಲ್ಲಿ ಇಡುತ್ತೇನೆ’ ಎಂದೆ. ಹೀಗೆ ಹೇಳಿಯೇ ಇಡುವುದು ನನಗೆ ರೂಢಿಯಾಗಿ ಒಂದು ವರ್ಷವಾಯಿತು.

ಆಯಿಗೆ ಗ್ಲಾಕೊಮಾ. ಕಣ್ಣಿನ ನರ ಸೊರಗಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಹನಿ ಹಾಕುತ್ತ ಉಳಿದಷ್ಟನ್ನು ಕಾಯಬೇಕು. ಮೊದಲ ಸಲ ಪರೀಕ್ಷೆಗೆ ಕರೆದುಕೊಂಡು ಹೋದಾಗ ಅಲ್ಲಿದ್ದವರು ಒಂದು ಮಾತೂ ಆಡದೆ ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ಕಣ್ಣಿಗೆ ಔಷಧ ಬಿಟ್ಟರು. ಆಯಿ ಬೆಚ್ಚಿಬಿದ್ದು ನನ್ನ ಸೆರಗನ್ನು ಹಿಡಿದುಕೊಂಡಳು. ‘ಹನಿ ಹಾಕುತ್ತೇನೆ ಅಮ್ಮಾ’ ಎಂದಿದ್ದರೆ ಸಾಕಿತ್ತು. ಆ ದಿನದ ಸಿಟ್ಟು ನನ್ನಲ್ಲಿ ಇನ್ನೂ ಇಳಿದಿಲ್ಲ.

ಅದೇ ವಾರ ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಫ್ರೆಡ್ ರೋಜರ್ಸ್ ಎಂಬುವರ ಮಕ್ಕಳ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ತೋರಿಸಿದ್ದಳು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ತಯಾರಾಗಿ 1968ರಿಂದ 2001ರವರೆಗೆ ಆ ದೇಶದ ಮನೆಮನೆಗೆ ತಲುಪಿದ್ದು. ಅದರಲ್ಲಿ ನಡೆಯುವುದು ತೀರ ಸ್ವಲ್ಪ. ಅವರು ಒಳಗೆ ಬರುತ್ತಾರೆ, ಕೋಟು ಕಳಚಿ ತಮ್ಮ ತಾಯಿ ಹೆಣೆದುಕೊಟ್ಟ ಸ್ವೆಟರ್ ತೊಡುತ್ತಾರೆ, ಬೂಟು ಬದಲಿಸುತ್ತಾರೆ, ಮೀನುಗಳಿಗೆ ಆಹಾರ ಹಾಕುತ್ತಾರೆ. ಕಣ್ಣು ಕಾಣದ ಒಬ್ಬ ಪುಟ್ಟ ಹುಡುಗಿಗೆ ಮೀನುಗಳು ಹಸಿದಿರುತ್ತವೆಯೇನೋ ಎಂಬ ಚಿಂತೆ. ದಯವಿಟ್ಟು ಊಟ ಹಾಕುವಾಗ ಬಾಯಿಬಿಟ್ಟು ಹೇಳಿ ಎಂದು ಪತ್ರ ಬಂತು. ಅಂದಿನಿಂದ ಅವರು ‘ಮೀನುಗಳಿಗೆ ಊಟ ಹಾಕುತ್ತಿದ್ದೇನೆ’ ಎಂದು ಹೇಳಿಯೇ ಹಾಕತೊಡಗಿದರು. ಲಕ್ಷಾಂತರ ಮಕ್ಕಳ ನಡುವೆ ಒಂದು ಮಗುವಿಗಾಗಿ! ಸ್ನಾನದ ತೊಟ್ಟಿಯ ನೀರಿನ ಜೊತೆ ತಾನೂ ಆ ತೂತಿನೊಳಗೆ ಜಾರಿಹೋದರೆ ಎಂದು ಹೆದರುವ ಮಕ್ಕಳಿಗಾಗಿಯೂ ಅವರು ಒಂದು ಹಾಡು ಕಟ್ಟಿದ್ದಾರೆ. ಆ ಭಯವನ್ನು ನೋಡಿ ನಗದೆ ಕುಳಿತು ಹಾಡು ಬರೆದ ಮನುಷ್ಯನ ಬಗ್ಗೆ ನನಗೆ ಹೇಳತೀರದ ಗೌರವ.

ಅವರನ್ನು ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನೋಡಿದರೂ ಹೊಸಬರೆನಿಸಲಿಲ್ಲ. ಆ ನಿಧಾನ ನನಗೆ ಮೊದಲೇ ಪರಿಚಿತವಾಗಿತ್ತು.

ನಾನು ಮೂರನೆಯೋ ನಾಲ್ಕನೆಯೋ ಇಯತ್ತೆಯಲ್ಲಿದ್ದಾಗ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬರುತ್ತಿತ್ತು. ಟಿವಿ ಇದ್ದದ್ದು ಮೇಲಿನ ಮನೆಯಲ್ಲಿ ಮಾತ್ರ. ಬಿದಿರಿನ ಗಳಕ್ಕೆ ಕಟ್ಟಿದ ಆಂಟೆನಾವನ್ನು ಅಣ್ಣ ಮಳೆಯಲ್ಲಿ ನೆನೆಯುತ್ತ ತಿರುಗಿಸಿದರೆ, ನಾವು ಒಳಗಿನಿಂದ ‘ಬಂತು, ಬಂತು, ಹೋಯಿತು’ ಎಂದು ಕೂಗುತ್ತಿದ್ದೆವು. ಎಲ್. ವೈದ್ಯನಾಥನ್ ಅವರ ಸಂಗೀತದ ಆ ‘ತಾನಾ ತಾನಾನ’ ಶುರುವಾದೊಡನೆ ಎಲ್ಲರೂ ಸುಮ್ಮನಾಗುತ್ತಿದ್ದೆವು. ಮಾತೆಲ್ಲ ಹಿಂದಿಯಲ್ಲಿ. ನಮಗಾರಿಗೂ ಹಿಂದಿ ಬರುತ್ತಿರಲಿಲ್ಲ, ಆಯಿಗಂತೂ ಒಂದಕ್ಷರವೂ ಇಲ್ಲ. ಆದರೂ ಅದರಲ್ಲಿನ ಪುಟ್ಟ ಹುಡುಗ ಸ್ವಾಮಿಯ ಹೆದರಿಕೆ ಏನೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಮಗು ಹೆದರಿದಾಗ ಕ್ಯಾಮೆರಾ ಅವಸರ ಮಾಡದೆ ಆ ಮುಖದ ಎದುರು ಕಾಯುತ್ತಿತ್ತು. ಅಪ್ಪನ ಮೇಲೆ ಭಯ, ಅಜ್ಜಿಯ ಮಡಿಲಲ್ಲಿ ಸಲಿಗೆ. ಅದಕ್ಕೆ ಭಾಷೆ ಬೇಕಿರಲಿಲ್ಲ.

ಆ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದ ಶಂಕರ್‌ನಾಗ್ 1954ರಲ್ಲಿ ಹುಟ್ಟಿದ್ದು ನಮ್ಮ ಹೊನ್ನಾವರ ಸೀಮೆಯಲ್ಲೇ. ಸ್ವಾಮಿಯ ಅಪ್ಪನ ಪಾತ್ರದ ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಇದೆಲ್ಲ ಗೊತ್ತಾದದ್ದು ದೊಡ್ಡವಳಾದ ಮೇಲೆ. ಗೊತ್ತಾದಾಗ ಆದ ಸಂತೋಷ ಮಾತ್ರ ಚಿಕ್ಕ ಹುಡುಗಿಯದೇ. ಅವಸರವೇ ಉಸಿರಾಗಿದ್ದ ಶಂಕರ್ 1990ರಲ್ಲಿ, ಮೂವತ್ತೈದಕ್ಕೇ ಹೋಗಿಬಿಟ್ಟರು. ಮಕ್ಕಳ ಮುಖದೆದುರು ಮಾತ್ರ ಅಷ್ಟು ತಾಳ್ಮೆಯಿಂದ ನಿಂತಿದ್ದರು.

ನಾನು ಶಾಲೆಯಲ್ಲಿ ನಲಿಕಲಿ ತರಗತಿ ತೆಗೆದುಕೊಳ್ಳುತ್ತೇನೆ. ಉತ್ತರ ಹೇಳಲು ಎದ್ದು ನಿಂತ ಮಗು ತಡವರಿಸಿದರೆ ನಾನು ಬಾಯಿ ಹಾಕುವುದಿಲ್ಲ. ಇದನ್ನು ತರಬೇತಿಯಲ್ಲಿ ಕಲಿತೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಮೇಲಿನ ಮನೆಯ ಸೆಗಣಿ ಸಾರಿಸಿದ ನೆಲದ ಮೇಲೆ ಕುಳಿತೇ ಕಲಿತಿದ್ದೆನೇನೋ. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬದಲಾಗುವ ವಿಡಿಯೊಗಳನ್ನು ಅಣ್ಣನ ಮೊಮ್ಮಗ ನೋಡುವಾಗ ನನಗೆ ಸಂಕಟವಾಗುತ್ತದೆ. ಅಲ್ಲಿ ಯಾರೂ ಅವನಿಗಾಗಿ ಕಾಯುವುದಿಲ್ಲ.

ಮಧ್ಯಾಹ್ನ ಮೊಬೈಲಿನಲ್ಲಿ ಚಾರ್ಜು ಇರುವಷ್ಟು ಹೊತ್ತು ಆಯಿಗೆ ಸ್ವಾಮಿಯ ಕಂತು ಹಾಕಿದೆ. ಹಾಡು ಕೇಳುತ್ತಲೇ ಅವಳ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿತು. ‘ಈಗ ಅಜ್ಜಿಯ ಹತ್ತಿರ ಬಂದು ಕುಳಿತ’ ಎಂದೆ. ‘ಗೊತ್ತು. ಅಜ್ಜಿ ಏನು ಮಾಡುತ್ತಿದ್ದಾಳೆ, ಅದನ್ನು ಹೇಳು’ ಎಂದಳು. ಕಂತು ಮುಗಿಯುವವರೆಗೆ ಹೇಳುತ್ತಲೇ ಇದ್ದೆ.

ರಾತ್ರಿ ಒಂಬತ್ತಕ್ಕೆ ಹನಿ ಹಾಕಿ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕತ್ತಲೆಯೊಳಗಿನಿಂದ ಆಯಿಯ ದನಿ ಕೇಳಿತು: ‘ಮಗಾ, ನಾನು ಮಲಗಲು ಹೋಗುತ್ತಿದ್ದೇನೆ. ಗೋಡೆ ಹಿಡಿದುಕೊಂಡೇ ಇದ್ದೇನೆ. ಹೊಸ್ತಿಲು ದಾಟಿದೆ. ಮಂಚ ಸಿಕ್ಕಿತು.’