ಉಪ್ಪುನೀರಿಗೆ ಇಳಿದ ನ್ಯಾನೋಕಣ

ಕಡಲಿನ ಅಕಶೇರುಕಗಳ, ಅಂದರೆ ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಮೇಲೆ ನ್ಯಾನೋಕಣಗಳು ಬೀರುವ ಪರಿಣಾಮದ ಬಗ್ಗೆ ಓದುವಾಗಲೆಲ್ಲ ನನ್ನಲ್ಲಿ ಒಂದು ಅಸಮಾಧಾನ ಉಳಿಯುತ್ತದೆ. ಕಣದ ಗಾತ್ರ 1ರಿಂದ 100 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಎಂದು ಹೇಳಿ, ಅದು ವಿಷವೆಂದು ಘೋಷಿಸುವ ಬರಹಗಳು, ಆ ಕಣ ಬಿದ್ದ ನೀರು ಎಂಥದ್ದು ಎಂಬುದನ್ನು ಬಹುಮಟ್ಟಿಗೆ ಮರೆತೇಬಿಡುತ್ತವೆ.

ಸಿಹಿನೀರಿನಲ್ಲಿ ಈ ಕಣಗಳು ತಮ್ಮ ಮೇಲ್ಮೈಯ ಸಮಾನ ವಿದ್ಯುದಾವೇಶದಿಂದ ಪರಸ್ಪರ ವಿಕರ್ಷಿಸಿಕೊಂಡು ಬಿಡಿಬಿಡಿಯಾಗಿ ತೇಲಬಲ್ಲವು. ಒಂದು ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರಿನಲ್ಲಾದರೋ ಅಯಾನುಗಳು, ಅಂದರೆ ಕರಗಿದ ಲವಣದ ವಿದ್ಯುದಾವೇಶ ಹೊತ್ತ ಕಣಗಳು, ಆ ವಿಕರ್ಷಣೆಯನ್ನು ಮರೆಮಾಡುವುದರಿಂದ, ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿ, ಸಾವಯವ ಲೋಳೆಯೊಂದಿಗೆ ಬೆರೆತು ನಿಧಾನವಾಗಿ ತಳಕ್ಕಿಳಿಯುತ್ತವೆ. ಹಾಗಾಗಿ ಇವು ಹೆಚ್ಚಾಗಿ ಎದುರಾಗುವುದು ಕೆಸರಿನಲ್ಲಿ ಬಿಲ ತೋಡುವ ಹುಳುಗಳಿಗೆ ಮತ್ತು ನೀರನ್ನು ಸೋಸಿ ಬದುಕುವ ಚಿಪ್ಪುಜೀವಿಗಳಿಗೆ.

ಮಸ್ಸೆಲ್ ಎಂಬ ಕಪ್ಪೆಚಿಪ್ಪನ್ನೇ ನೋಡಿ. ಬೆಳೆದ ಒಂದು ಮಸ್ಸೆಲ್ ಗಂಟೆಗೆ ಲೀಟರುಗಟ್ಟಲೆ ನೀರನ್ನು ತನ್ನ ಕಿವಿರುಗಳ ಮೂಲಕ ಹಾಯಿಸಬಲ್ಲದು. ಬಿಡಿ ನ್ಯಾನೋಕಣವು ಆ ಜರಡಿಯಿಂದ ಬಹುಪಾಲು ನುಸುಳಿಹೋಗುತ್ತದೆ, ಗಂಟುಕಟ್ಟಿದ್ದು ಸಿಕ್ಕಿಬೀಳುತ್ತದೆ. ಒಟ್ಟುಗೂಡುವುದರಿಂದ ಕಣ ನಿರಪಾಯಕಾರಿಯಾಗುತ್ತದೆ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಮುಂದಿನ ತೊಂದರೆ ಈ ಪ್ರಾಣಿಯ ಜೀರ್ಣಕ್ರಿಯೆಯಲ್ಲಿದೆ: ಚಿಪ್ಪುಜೀವಿಗಳ ಜೀರ್ಣಗ್ರಂಥಿಯ ಜೀವಕೋಶಗಳು ಆಹಾರದ ಸೂಕ್ಷ್ಮ ತುಣುಕುಗಳನ್ನು ನುಂಗಿ, ಲೈಸೋಸೋಮ್ ಎಂಬ ಚೀಲಗಳಲ್ಲಿ ಅರಗಿಸುವುದರಿಂದ, ಆಹಾರದ ಜೊತೆಗೆ ಕಣವೂ ನೇರವಾಗಿ ಜೀವಕೋಶದೊಳಕ್ಕೆ ಹೋಗುತ್ತದೆ. ಆ ಚೀಲದ ಪೊರೆ ದುರ್ಬಲವಾಗುವುದು, ರೋಗನಿರೋಧಕ ರಕ್ತಕಣಗಳು ಕುಗ್ಗುವುದು, ಆಕ್ಸಿಡೀಕರಣದ ಒತ್ತಡ (ಆಮ್ಲಜನಕದ ಉಗ್ರ ರೂಪಗಳು ಜೀವಕೋಶಕ್ಕೆ ಮಾಡುವ ಹಾನಿ) ಏರುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿರುವ ಲಕ್ಷಣಗಳು. ಪ್ರಾಣಿ ಸಾಯದೆ ಇರಬಹುದು, ಆದರೆ ಬೆಳವಣಿಗೆಗೂ ಸಂತಾನಕ್ಕೂ ಸಲ್ಲಬೇಕಾದ ಶಕ್ತಿ ದುರಸ್ತಿಗೆ ಖರ್ಚಾಗುತ್ತದೆ. ಸತ್ತವುಗಳನ್ನು ಮಾತ್ರ ಎಣಿಸುವ ಪರೀಕ್ಷೆಗೆ ಇದು ಕಾಣುವುದೇ ಇಲ್ಲ.

ಎಲ್ಲ ಕಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸನ್‌ಸ್ಕ್ರೀನ್‌ಗಳಲ್ಲಿ ಬಳಕೆಯಾಗುವ ಎರಡು ವಸ್ತುಗಳಲ್ಲಿ ಸತುವಿನ ಆಕ್ಸೈಡ್ ಸಮುದ್ರದ ನೀರಿನಲ್ಲಿ ಕರಗಿ ಸತುವಿನ ಅಯಾನನ್ನು ಬಿಡುತ್ತದೆ. ಸೀ ಅರ್ಚಿನ್ ಎಂಬ ಮುಳ್ಳುಜೀವಿಯ ಭ್ರೂಣಗಳು ಈ ಅಯಾನಿಗೆ ಬಹಳ ಸೂಕ್ಷ್ಮವಾಗಿರುವುದರಿಂದ ಅವುಗಳ ಸುಣ್ಣದ ಅಸ್ಥಿಪಂಜರ ಸರಿಯಾಗಿ ಮೂಡುವುದಿಲ್ಲ. ಟೈಟಾನಿಯಂ ಡೈಆಕ್ಸೈಡ್ ಕರಗುವುದಿಲ್ಲ, ಆದರೆ ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ಪ್ರಯೋಗಾಲಯದ ಸಾಧಾರಣ ದೀಪದಡಿ ಸೌಮ್ಯವೆನಿಸಿದ ಇದೇ ಕಣ, ಬಿಸಿಲು ಬೀಳುವ ಆಳವಿಲ್ಲದ ನೀರಿನಲ್ಲಿ ಬೇರೆಯೇ ಸ್ವಭಾವ ತೋರಬಹುದು. ಬೆಳ್ಳಿಯ ಕಣದಿಂದ ಹೊರಬಂದ ಅಯಾನು ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡಿನೊಡನೆ ಸೇರಿಕೊಳ್ಳುವುದರಿಂದ, ಸಿಹಿನೀರಿನಲ್ಲಿ ಪಡೆದ ಅಂಕಿಗಳನ್ನು ಕಡಲಿಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಇನ್ನು ಪ್ರಮಾಣದ ಮಾತು. ಅನೇಕ ಪ್ರಯೋಗಗಳು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಕೇವಲ ಒಂದರಿಂದ ನಾಲ್ಕು ದಿನಗಳ ಅವಧಿಗೆ ನಡೆದಿವೆ. ನಿಸರ್ಗದ ನೀರಿನಲ್ಲಿ ಇರಬಹುದೆಂದು ಅಂದಾಜಿಸುವ ಪ್ರಮಾಣವಾದರೋ ಸಾಮಾನ್ಯವಾಗಿ ಲೀಟರಿಗೆ ಮೈಕ್ರೋಗ್ರಾಂ (ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ಅಥವಾ ಅದಕ್ಕಿಂತಲೂ ಕಡಿಮೆ. ಅದನ್ನು ಅಳೆಯುವುದೂ ಸುಲಭವಲ್ಲ, ಏಕೆಂದರೆ ಜೇಡಿಮಣ್ಣಿನಲ್ಲಿ ಸಹಜವಾಗಿಯೇ ಟೈಟಾನಿಯಂ ಇರುತ್ತದೆ. ಆದ್ದರಿಂದ ನನಗೆ ನಂಬಿಕೆ ಹುಟ್ಟಿಸುವುದು ಮೂರು ತೊಟ್ಟಿಗಳನ್ನು ಅಕ್ಕಪಕ್ಕ ಇಟ್ಟ ಪ್ರಯೋಗ: ಒಂದರಲ್ಲಿ ನ್ಯಾನೋಕಣ, ಇನ್ನೊಂದರಲ್ಲಿ ಅದೇ ಲೋಹದ ಕರಗಿದ ಲವಣ, ಮೂರನೆಯದರಲ್ಲಿ ಅದೇ ವಸ್ತುವಿನ ದಪ್ಪ ಪುಡಿ. ಮೂರರಲ್ಲೂ ಭ್ರೂಣಗಳು ಒಂದೇ ಬಗೆಯಲ್ಲಿ ಕೆಟ್ಟರೆ, ದೋಷವನ್ನು ಕಣದ ಗಾತ್ರದ ಮೇಲೆ ಹೊರಿಸುವಂತಿಲ್ಲ.